ಆಕಾಶದಿಂದ ಪೈರಿನ ಪರೀಕ್ಷೆ

ಭೂಮಿಯ ಮೇಲಣ ಕಾಡು, ಗೋಮಾಳ, ಕೆರೆ, ಸಾಗುವಳಿ ಜಮೀನುಗಳಲ್ಲಿ ಆಗುವ ಮಾರ್ಪಾಟುಗಳನ್ನು ಗುರುತಿಸುವುದಕ್ಕಾಗಿ ಅಮೆರಿಕಾ ಸಂಯುಕ್ತ ಸಂಸ್ಥಾನದವರು 1972ನೆಯ ಇಸವಿ ಜುಲೈ ತಿಂಗಳಿನಲ್ಲಿ, ಮುಂದೆ ಲ್ಯಾಂಡ್‌ಸ್ಯಾಟ್ ಎಂದು ಹೆಸರಾದ ಉಪಗ್ರಹಮಾಲೆಯ ಮೊದಲನೆಯದನ್ನು ಹಾರಿಸಿದರು. 2008ನೆಯ ಇಸವಿಯಲ್ಲಿ ಇದರ ಚಿತ್ರಗಳು ಸಕಲ ದೇಶದವರಿಗೂ ಉಚಿತವಾಗಿ ದೊರೆಯುವಂತಾದುವು.

ಪರೀಕ್ಷೆಯ ಕ್ರಮವು ಸರಳವಾದುದು. ಆರೋಗ್ಯವಾದ ಎಲೆಯು ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೆಚ್ಚಾಗಿ ಹಿಂದಿರುಗಿಸುತ್ತದೆ. ಬಾಡಿದ ಪೈರಿನಲ್ಲಿ ಈ ಅಂತರವು ಕುಗ್ಗುತ್ತದೆ. ಉಪಗ್ರಹವು ಅಳೆಯುವುದು ಇದನ್ನೇ. ಈಗಿನ ಚಿತ್ರದ ಒಂದೊಂದು ಚುಕ್ಕೆಯೂ 30 ಮೀಟರು ಉದ್ದ, 30 ಮೀಟರು ಅಗಲದ ನೆಲ, ಎಂದರೆ ಸುಮಾರು 9 ಗುಂಟೆ. ಅದಕ್ಕಿಂತ ಚಿಕ್ಕ ಹಿಡುವಳಿಯು ನೆರೆಯವನ ಹೊಲದೊಡನೆ ಬೆರೆತುಹೋಗುವುದು. ಮುಂಗಾರಿನ ಮೋಡಗಳೂ ಅಡ್ಡ ಬರುವುವು. ಅದೂ ಅಲ್ಲದೆ, ಹೊಲದ ಹಸುರು ರಾಗಿಯದೋ ಪಾರ್ಥೇನಿಯಂ ಕಳೆಯದೋ ಎಂಬುದು ಒಂದೇ ಚಿತ್ರದಿಂದ ಸುಲಭವಾಗಿ ನಿರ್ಧಾರವಾಗದು.

ಭಾರತ ಸರ್ಕಾರದ 2016ನೆಯ ಇಸವಿಯ ಬರಗಾಲ ಕೈಪಿಡಿಯಲ್ಲಿ ಮಳೆಯ ಕೊರತೆಯೊಡನೆ ಈ ಬಗೆಯ ಹಸುರಿನ ಅಳತೆಯೂ ಸೇರಿದೆ. ಆದರೆ ಆಯ್ದ ಗ್ರಾಮಗಳಲ್ಲಿ ಹೊಲಗಳನ್ನು ಸ್ಥಳದಲ್ಲಿಯೇ ಪರೀಕ್ಷಿಸಬೇಕೆಂದೂ ಅದರಲ್ಲಿ ವಿಧಿಸಿದೆ. ಕಳೆಯ ಹಸುರನ್ನು ಬೆಳೆಯೆಂದು ಎಣಿಸಿದಲ್ಲಿ, ಪರಿಹಾರಕ್ಕೆ ಅರ್ಹವಾದ ತಾಲ್ಲೂಕು ಪಟ್ಟಿಯಿಂದ ಹೊರಗುಳಿಯಬಹುದು. ಆದುದರಿಂದ ಸ್ಥಳಪರೀಕ್ಷೆಯ ದಿನ ಗ್ರಾಮದ ಮುಖಂಡರು ತಪ್ಪದೆ ಹಾಜರಿದ್ದು, ಒಣಗಿದ ಹೊಲಗಳನ್ನು ಸರ್ವೆ ನಂಬರಿನ ಸಹಿತವಾಗಿ ತೋರಿಸತಕ್ಕದ್ದು.