ಗೂಡುಪೆಟ್ಟಿಗೆಯ ಪಕ್ಷಿಗಳೂ ಬೆಚ್ಚನೆಯ ವಸಂತವೂ

ಚಳಿಗಾಲವು ಬೇಗನೆ ಮುಗಿದು ವಸಂತವು ಬೆಚ್ಚಗೆ ಬಂದರೆ ಪಕ್ಷಿಗಳಿಗೆ ಸುಖವೇ ಆಗುವುದೆಂದು ಜನರು ಸಾಧಾರಣವಾಗಿ ಎಣಿಸುವರು. ಈ ಎಣಿಕೆಯಲ್ಲಿ ಸತ್ಯಾಂಶವುಂಟು. ಆದರೆ ಅದು ಪೂರ್ಣಸತ್ಯವಲ್ಲ. ಸಣ್ಣ ಪಕ್ಷಿಯ ಸಂಸಾರವು ಬಿಸಿಲೊಂದನ್ನೇ ನೆಚ್ಚಿಕೊಂಡಿಲ್ಲ. ಮರಿಗಳು ಹಸಿದು ಬಾಯ್ದೆರೆಯುವ ದಿನಗಳಲ್ಲಿಯೇ ಆಹಾರವೂ ಒದಗಿದರೆ ಮಾತ್ರ ಅದು ಬಾಳುವುದು. ಈ ಸಂಗತಿಯನ್ನು ಅರಿಯುವುದಕ್ಕೆ ಇಂಗ್ಲೆಂಡ್ ದೇಶದ ಗೂಡುಪೆಟ್ಟಿಗೆಗಳಷ್ಟು ಒಳ್ಳೆಯ ಪಾಠವು ಮತ್ತೊಂದಿಲ್ಲ. ಅಲ್ಲಿ ಚಳಿಗಾಲ ವಸಂತಗಳ ಭೇದವು ನಮ್ಮ ದೇಶಕ್ಕಿಂತ ತೀಕ್ಷ್ಣವಾಗಿರುವುದು. ಮನೆಯ ತೋಟದಲ್ಲಿ ಪಕ್ಷಿಗಳಿಗಾಗಿ ಪೆಟ್ಟಿಗೆಯನ್ನಿಡುವ ವಾಡಿಕೆಯೂ ಬಹಳ ಉಂಟು.

ಗೂಡುಪೆಟ್ಟಿಗೆಯೆಂದರೆ ಹಲಗೆಗಳಿಂದ ಮಾಡಿದ, ಮುಂಭಾಗದಲ್ಲಿ ದುಂಡನೆಯ ರಂಧ್ರವುಳ್ಳ ಚಿಕ್ಕ ಪೆಟ್ಟಿಗೆ. ಪೊಟರೆಗಳುಳ್ಳ ಮುದಿಮರಗಳು ಇಲ್ಲದ ತೋಟಗಳಲ್ಲಿ ಇದು ಪೊಟರೆಗೆ ಬದಲಾಗಿ ಒದಗುವುದು. ನೀಲಿ ನೆತ್ತಿಯ ಪುಟ್ಟ ಬ್ಲೂ ಟಿಟ್ ಹಕ್ಕಿಗೆ 25 ಮಿಲಿಮೀಟರ್ ಅಗಲದ ರಂಧ್ರವು ಸಾಕು. ಅದಕ್ಕಿಂತ ತುಸು ದೊಡ್ಡದಾದ ಗ್ರೇಟ್ ಟಿಟ್ ಹಕ್ಕಿಗೆ 28 ಮಿಲಿಮೀಟರ್ ಬೇಕು. ಇವೆರಡೂ ನಮ್ಮ ನಾಡಿನ ಚೇಕಡಿ ಹಕ್ಕಿಯ ಬಂಧುಗಳೇ.

ಈ ಹಕ್ಕಿಗಳು ಗೂಡುಕಟ್ಟುವ ಕಾಲವನ್ನು ಹೇಗೆ ತಿಳಿಯುವುವು? ಋತುವನ್ನರಿತು ಬರುವ ಪಕ್ಷಿಗಳನ್ನು ಪ್ರವಾದಿಯಾದ ಯೆರೆಮೀಯನು ತನ್ನ ಜನರಿಗೆ ದೃಷ್ಟಾಂತವಾಗಿ ತೋರಿಸಿದನೆಂಬುದನ್ನು ನಮ್ಮ ವಾಚಕಿಯರು ಬಲ್ಲರು. ಅವುಗಳ ಅರಿವಿಗೆ ಮುಖ್ಯವಾಗಿ ಎರಡು ಕಾರಣಗಳುಂಟು. ಮೊದಲನೆಯದು ಹಗಲಿನ ಉದ್ದ. ಚಳಿಗಾಲ ಕಳೆದು ಹಗಲು ಬೆಳೆಯುತ್ತ ಬಂದಂತೆ ಹಕ್ಕಿಯ ದೇಹವು ಸಂತಾನಕ್ಕೆ ಸಿದ್ಧವಾಗುವುದು. ಎರಡನೆಯದು ಗಾಳಿಯ ಬಿಸುಪು. ಹಗಲಿನ ಉದ್ದವು ಪ್ರತಿವರ್ಷವೂ ಒಂದೇ ವಿಧವಾಗಿರುವುದು. ಬಿಸುಪಾದರೋ ವರ್ಷವರ್ಷಕ್ಕೂ ಬದಲಾಗುವುದು. ಆದಕಾರಣ ಬೆಚ್ಚನೆಯ ವರ್ಷದಲ್ಲಿ ಮೊಟ್ಟೆಗಳು ಬೇಗನೆಯೂ ತಣ್ಣನೆಯ ವರ್ಷದಲ್ಲಿ ತಡವಾಗಿಯೂ ಕಾಣುವುವು.

ತಾಯಿಹಕ್ಕಿಯು ದಿನಕ್ಕೊಂದರಂತೆ ಎಂಟು ಹತ್ತು ಮೊಟ್ಟೆಗಳನ್ನಿಟ್ಟು, ಸುಮಾರು ಎರಡು ವಾರಗಳ ಕಾಲ ಕಾವು ಕೊಡುವುದು. ಮರಿಗಳು ಹುಟ್ಟಿದ ಮೇಲೆ ಇನ್ನೂ ಸುಮಾರು ಮೂರು ವಾರ ಪೆಟ್ಟಿಗೆಯಲ್ಲಿಯೇ ಇರುವುವು. ಅವುಗಳ ಹಸಿವು ಅತಿಯಾಗುವುದು ಎರಡನೆಯ ವಾರದಲ್ಲಿ. ಮೊದಲನೆಯ ಮೊಟ್ಟೆಯಿಂದ ಈ ಹಸಿವಿನವರೆಗೆ ಒಂದು ತಿಂಗಳಿಗೂ ಮಿಕ್ಕಿದ ಅಂತರವುಂಟು. ಏಪ್ರಿಲ್ ತಿಂಗಳಲ್ಲಿ ಮೊಟ್ಟೆಯಿಡುವ ಹಕ್ಕಿಯು ಮೇ ತಿಂಗಳಿನ ಆಹಾರವನ್ನು ನಂಬಿ ಇಡುವುದು. ಆ ಆಹಾರವನ್ನು ಅದು ಇನ್ನೂ ಕಂಡಿರುವುದಿಲ್ಲ.

ಆ ಆಹಾರ ಯಾವುದು? ಮುಖ್ಯವಾಗಿ ಪತಂಗಗಳ ಹಸುರು ಹುಳುಗಳು. ಒಂದು ಪೆಟ್ಟಿಗೆಯ ಮರಿಗಳಿಗಾಗಿ ತಂದೆತಾಯಿಗಳು ದಿನಕ್ಕೆ ಹಲವು ನೂರು ಹುಳುಗಳನ್ನು ಹೊತ್ತು ತರಬೇಕಾಗುವುದು. ಇವುಗಳಲ್ಲಿ ಹೆಸರಾದದ್ದು ಚಳಿಗಾಲದಲ್ಲಿ ಹೊರಡುವ ಒಂದು ಪತಂಗದ ಹುಳು. ಇದರ ಹೆಣ್ಣಿಗೆ ಹಾರುವ ಶಕ್ತಿಯಿಲ್ಲ. ಅದು ಕಾಂಡವನ್ನೇರಿ ಮೊಟ್ಟೆಯಿಡುವುದು. ಓಕ್ ಮರವು ಚಿಗುರೊಡೆಯುವ ಸಮಯಕ್ಕೆ ಹುಳುಗಳು ಹೊರಬಂದು ಎಳೆಯ ಎಲೆಗಳನ್ನು ಮೇಯುವುವು. ಎಲೆಗಳು ಬಲಿತು ಒಗರಾದ ಮೇಲೆ ಅವು ಹುಳುಗಳಿಗೆ ಒಗ್ಗವು. ಆದುದರಿಂದ ಹುಳುಗಳ ಸಮೃದ್ಧಿಯು ಕೆಲವೇ ವಾರಗಳದು. ಅನಂತರ ಅವು ನೆಲಕ್ಕಿಳಿದು ಮಣ್ಣಿನೊಳಗೆ ಕೋಶವಾಗುವುವು. ವಸಂತವು ಬೆಚ್ಚಗಾದಷ್ಟೂ ಚಿಗುರೂ ಹುಳುವೂ ಬೇಗನೆ ಬರುವುವು, ಹುಳುವು ಬೇಗನೆ ಬೆಳೆದು ಬೇಗನೆ ಮರೆಯಾಗುವುದು. ಬೆಚ್ಚನೆಯ ವಸಂತದ ಅಪಾಯವೆಲ್ಲವೂ ಇಲ್ಲಿಯೇ ಅಡಗಿದೆ.

ಪಂಡಿತರು ಇದನ್ನು ಕಾಡುಗಳಲ್ಲಿ ಪೆಟ್ಟಿಗೆಗಳನ್ನಿಟ್ಟು ದೀರ್ಘಕಾಲ ಪರಿಶೀಲಿಸಿರುವರು. ಆಕ್ಸ್‌ಫರ್ಡ್ ನಗರದ ಸಮೀಪದ ವೈಥಮ್ ಕಾಡಿನಲ್ಲಿ ಡೇವಿಡ್ ಲ್ಯಾಕ್ ಎಂಬ ವಿದ್ವಾಂಸರು 1947ರಲ್ಲಿ ಆರಂಭಿಸಿದ ಲೆಕ್ಕವು ಅವರ ಕಾಲಾನಂತರವೂ ನಡೆದುಬಂದಿದೆ. 1960ರ ದಶಕದಿಂದ 2007ರ ವರೆಗೆ ಅಲ್ಲಿಯ ಗ್ರೇಟ್ ಟಿಟ್ ಹಕ್ಕಿಗಳು ಮೊಟ್ಟೆಯಿಡುವ ಕಾಲವು ಸುಮಾರು ಎರಡು ವಾರ ಹಿಂದಕ್ಕೆ ಬಂದಿತು. ಹುಳುಗಳ ಕಾಲವೂ ಹಾಗೆಯೇ ಹಿಂದಕ್ಕೆ ಬಂದುದರಿಂದ ಆ ಹಕ್ಕಿಗಳಿಗೆ ಅಷ್ಟಾಗಿ ನಷ್ಟವಾಗಲಿಲ್ಲ. ಹಾಲೆಂಡಿನ ಹೋಖೆ ವೇಲುವೆ ಎಂಬ ಪ್ರದೇಶದಲ್ಲಾದರೋ ಬೇರೆ ಫಲ ಕಂಡುಬಂದಿತು. 1998ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಅಲ್ಲಿ ಹುಳುಗಳು ಬೇಗನೆ ಬರತೊಡಗಿದರೂ ಅದೇ ಜಾತಿಯ ಹಕ್ಕಿಗಳ ಮೊಟ್ಟೆಯ ಕಾಲವು ಬದಲಾಗಲಿಲ್ಲ. ಏಕೆಂದರೆ ವಸಂತದ ಕೊನೆಯ ಭಾಗವು ಹೆಚ್ಚು ಬೆಚ್ಚಗಾಯಿತು. ಹಕ್ಕಿಗಳಿಗೆ ಸೂಚನೆ ಕೊಡುವ ಮೊದಲ ಭಾಗವು ಹಾಗೆ ಆಗಲಿಲ್ಲ. ಸೂಚನೆಯೊಂದು ಕಡೆಗೂ ಊಟವೊಂದು ಕಡೆಗೂ ಸರಿದಂತಾಯಿತು.

ದೂರದಿಂದ ಬರುವ ಪಕ್ಷಿಗಳ ಕಷ್ಟವು ಇದಕ್ಕಿಂತಲೂ ಹೆಚ್ಚು. ಪೈಡ್ ಫ್ಲೈಕ್ಯಾಚರ್ ಎಂಬ ಕಪ್ಪುಬಿಳುಪಿನ ನೊಣಹಿಡುಕವು ಚಳಿಗಾಲವನ್ನು ಪಶ್ಚಿಮ ಆಫ್ರಿಕದಲ್ಲಿ ಕಳೆದು, ವಸಂತದಲ್ಲಿ ಯೂರೋಪಿಗೆ ಬಂದು ಪೆಟ್ಟಿಗೆಗಳಲ್ಲಿ ಗೂಡುಕಟ್ಟುವುದು. ಹಾಲೆಂಡಿನ ಓಕ್ ಮರ ಚಿಗುರಿತೆಂಬ ವಾರ್ತೆಯು ಆಫ್ರಿಕದಲ್ಲಿರುವ ಹಕ್ಕಿಗೆ ಮುಟ್ಟುವುದೆಂತು? 2006ರಲ್ಲಿ ಪ್ರಕಟವಾದ ಶೋಧನೆಯ ಪ್ರಕಾರ, ಹಾಲೆಂಡಿನಲ್ಲಿ ಹುಳುಗಳ ಕಾಲವು ಅತಿ ಬೇಗನೆ ಮುಗಿಯುವ ಕಾಡುಗಳಲ್ಲಿ ಎರಡು ದಶಕಗಳೊಳಗೆ ಈ ಪಕ್ಷಿಗಳು ನೂರಕ್ಕೆ ಸುಮಾರು 90ರಷ್ಟು ಕಡಿಮೆಯಾದುವು.

ಇನ್ನೆರಡು ಅಪಾಯಗಳನ್ನೂ ಹೇಳಬೇಕು. ಬೆಚ್ಚನೆಯ ದಿನಗಳನ್ನು ನಂಬಿ ಬೇಗನೆ ಮೊಟ್ಟೆಯಿಟ್ಟ ಮೇಲೆ ಚಳಿಯೂ ಮಳೆಯೂ ಮರಳಿ ಬರಬಹುದು. ತಾಯಿಹಕ್ಕಿಯು ಕಾವು ಕೂರುವುದನ್ನು ಕೆಲವು ದಿನ ತಡೆಹಿಡಿದು ಕಾಲವನ್ನು ತುಸು ಸರಿಪಡಿಸಿಕೊಳ್ಳಬಲ್ಲುದು. ಮರಿಗಳು ಹುಟ್ಟಿದ ಮೇಲಾದರೋ ಅದಕ್ಕೆ ಉಪಾಯವಿಲ್ಲ. ಎರಡನೆಯದು ಪೆಟ್ಟಿಗೆಯೊಳಗಿನ ಸೆಕೆ. ಗರಿ ಮೂಡದ ಮರಿಗಳಿಗೆ ತಮ್ಮ ದೇಹದ ಬಿಸುಪನ್ನು ಹದದಲ್ಲಿಟ್ಟುಕೊಳ್ಳುವ ಶಕ್ತಿಯಿರುವುದಿಲ್ಲ. ತೆಳುವಾದ ಹಲಗೆಯ ಪೆಟ್ಟಿಗೆಯು ಮಧ್ಯಾಹ್ನದ ಬಿಸಿಲಿಗೆ ಎದುರಾಗಿದ್ದರೆ, ಮರಿಗಳಿಗೆ ಆಶ್ರಯವಾಗಬೇಕಾದ ಮನೆಯೇ ಮೃತ್ಯುವಾಗಬಹುದು.

ಹೀಗಿರಲಾಗಿ, ಪೆಟ್ಟಿಗೆಯನ್ನಿಡುವ ಗೃಹಿಣಿಯು ಮಾಡತಕ್ಕದ್ದೇನು? ಇಂಗ್ಲೆಂಡಿನಲ್ಲಾದರೆ ಅದರ ಮುಖವನ್ನು ಉತ್ತರಕ್ಕೂ ಪೂರ್ವಕ್ಕೂ ನಡುವಣ ದಿಕ್ಕಿಗೆ ತಿರುಗಿಸಬೇಕು. ಮರದ ನೆರಳಿರುವಲ್ಲಿ ಬೇರೆ ದಿಕ್ಕಾದರೂ ಬಾಧಕವಿಲ್ಲ. ಹಲಗೆಯು 15 ಮಿಲಿಮೀಟರಿಗೆ ಕಡಿಮೆಯಿಲ್ಲದಷ್ಟು ದಪ್ಪವಾಗಿರಬೇಕು. ಲೋಹದ ಪೆಟ್ಟಿಗೆಯು ಸಲ್ಲದು. ವಸಂತವು ಯಾವಾಗ ಬೆಚ್ಚಗಾದೀತೆಂದು ಹೇಳಲಾಗದ ಕಾರಣ, ಫೆಬ್ರವರಿಯೊಳಗೇ ಪೆಟ್ಟಿಗೆಯು ಸಿದ್ಧವಾಗಿರುವುದು ಲೇಸು. ಮರಿಗಳನ್ನು ನೋಡುವ ಆಸೆಯಿಂದ ಮಕ್ಕಳು ಅದನ್ನು ಪದೇ ಪದೇ ತೆರೆಯದಂತೆ ತಿಳಿಹೇಳಬೇಕು.

ಎಲ್ಲಕ್ಕಿಂತಲೂ ಮುಖ್ಯವಾದದ್ದು ಹುಳುಗಳ ವಿಷಯ. ತೋಟಗಳಲ್ಲಿ ಹುಳುಗಳು ಓಕ್ ಕಾಡಿನಷ್ಟು ಸಿಕ್ಕುವುದಿಲ್ಲ. ಅದರಿಂದ ತೋಟದ ಪೆಟ್ಟಿಗೆಗಳಿಂದ ಹಾರಿಹೋಗುವ ಮರಿಗಳೂ ಸಾಧಾರಣವಾಗಿ ಕಡಿಮೆ. ಹುಳು ತಿಂದ ಎಲೆಯನ್ನು ಕಂಡೊಡನೆ ವಿಷವನ್ನು ಸಿಂಪಡಿಸುವ ಮನೆಯಲ್ಲಿ ಪೆಟ್ಟಿಗೆಯಿದ್ದು ಪ್ರಯೋಜನವಿಲ್ಲ. ಆ ನೆಲದಲ್ಲಿ ಸಹಜವಾಗಿ ಬೆಳೆಯುವ ಹಲವು ಬಗೆಯ ಗಿಡಮರಗಳಿದ್ದರೆ, ಒಂದರ ಚಿಗುರಿನ ಕಾಲ ತಪ್ಪಿದರೂ ಮತ್ತೊಂದರ ಮೇಲಣ ಹುಳುಗಳಿಂದ ಮರಿಗಳು ಬದುಕಿಯಾವು. ವಸಂತದ ಬಿಸುಪನ್ನು ತಗ್ಗಿಸುವುದು ಒಬ್ಬ ಗೃಹಿಣಿಯ ಕೈಯಲ್ಲಿಲ್ಲ. ಪೆಟ್ಟಿಗೆಯ ಸುತ್ತಲಿನ ಗಿಡಗಳಲ್ಲಿ ಹುಳುಗಳನ್ನು ಉಳಗೊಡುವುದು ಅವಳ ಕೈಯಲ್ಲಿಯೇ ಉಂಟು.