ಮಾತಿಗೂ ಒಂದು ಅಳತೆ ಪುಸ್ತಕ ಬೇಕು

ನನ್ನ ಬಳಿ ಹಳೆಯ ಡೈರಿಯ ಒಂದು ಹಾಳೆಯಿದೆ. 2020ರ ನವೆಂಬರ್‌ನಲ್ಲಿ ನಮ್ಮ ನಗರಸಭೆಯ ನೂತನ ಅಧ್ಯಕ್ಷರು ಅಧಿಕಾರ ವಹಿಸಿಕೊಂಡ ದಿನ, ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತು ನಾನು ಗುರುತು ಹಾಕಿಕೊಂಡ ಹಾಳೆ ಅದು. ಹಾರ-ತುರಾಯಿಗಳ ನಡುವೆ ಅವರು ಐದು ಮಾತು ಕೊಟ್ಟರು. ಮೂರು ತಿಂಗಳಿಗೊಮ್ಮೆ ಪ್ರತಿ ವಾರ್ಡಿನಲ್ಲಿ ನಾಗರಿಕರ ಸಭೆ, ಬೀಗ ಬಿದ್ದ ಉದ್ಯಾನವನ್ನು ಸಂಜೆ ತೆರೆಯುವುದು, ಮುಚ್ಚಿಹೋದ ವಾಚನಾಲಯಕ್ಕೆ ಮರುಜೀವ, ಪೌರಕಾರ್ಮಿಕರಿಗೆ ವಿಶ್ರಾಂತಿ ಕೊಠಡಿ, ಚರಂಡಿಯ ಕಾರಣಕ್ಕೆ ಮುಖ ತಿರುಗಿಸಿಕೊಂಡಿದ್ದ ಎರಡು ಬಡಾವಣೆಗಳನ್ನು ಒಟ್ಟಿಗೆ ಕೂರಿಸುವುದು.

ನಗರದ ಹೆಸರು ಇಲ್ಲಿ ಮುಖ್ಯವಲ್ಲ. ರಾಜ್ಯದ ಯಾವ ಸಣ್ಣ ನಗರವೂ ಆಗಬಹುದು. ನನಗೆ ಮುಖ್ಯವೆನಿಸಿದ್ದು, ಈ ಐದರಲ್ಲಿ ಒಂದೂ ಡಾಂಬರಿನ ಮಾತಾಗಿರಲಿಲ್ಲ ಎಂಬುದು. ಅಕ್ಕಪಕ್ಕದಲ್ಲಿದ್ದೂ ಪರಿಚಯವಿಲ್ಲದ ಜನರನ್ನು ಒಂದು ಸಮುದಾಯವಾಗಿ ಕೂಡಿಸುವ ಆಸೆ ಆ ಮಾತುಗಳಲ್ಲಿತ್ತು. ಅಧ್ಯಕ್ಷರು ಪ್ರಾಮಾಣಿಕರೇ ಎಂಬ ಬಗ್ಗೆ ನನಗೆ ಆಗಲೂ ಸಂಶಯವಿರಲಿಲ್ಲ, ಈಗಲೂ ಇಲ್ಲ.

ಹಾಗಾದರೆ ಆದದ್ದೇನು? ಉದ್ಯಾನದ ಬೀಗ ತೆಗೆಯಿತು. ವಿಶ್ರಾಂತಿ ಕೊಠಡಿ ಕಟ್ಟಿ ಮುಗಿಯಿತು. ವಾಚನಾಲಯ ಎಂಟು ತಿಂಗಳು ನಡೆದು, ಪತ್ರಿಕೆಗಳ ಬಾಕಿ ತೀರಿಸುವವರಿಲ್ಲದೆ ಮತ್ತೆ ಮುಚ್ಚಿತು. ಬಡಾವಣೆಗಳ ಮಾತುಕತೆ ನಡೆಯಲೇ ಇಲ್ಲ. ವಾರ್ಡ್ ಸಭೆ ನಮ್ಮಲ್ಲಿ ನಡೆದದ್ದು ನಾಲ್ಕು ಸಲ, ಲೆಕ್ಕದಂತೆ ಹತ್ತಾಗಬೇಕಿತ್ತು. 2021ರ ಬೇಸಿಗೆಯಲ್ಲಿ ಕೋವಿಡ್‌ನ ಎರಡನೇ ಅಲೆ ಊರಿಗೆ ಊರನ್ನೇ ಮನೆಯೊಳಗೆ ಕೂರಿಸಿತ್ತೆಂಬುದನ್ನು ಮರೆಯದೆ ಹೇಳುವುದಾದರೆ, ಇದು ತೀರಾ ಕಳಪೆಯ ಸಾಧನೆಯೇನಲ್ಲ. ಅಷ್ಟರಲ್ಲಿ ಮೂವತ್ತು ತಿಂಗಳು ಮುಗಿದಿತ್ತು.

ಈ ಮೂವತ್ತು ತಿಂಗಳ ಕಥೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ನಮ್ಮ ನಗರಸಭೆಯೂ ಸೇರಿದಂತೆ ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನ ನಡೆದದ್ದು 2018ರ ಆಗಸ್ಟ್ 31ರಂದು. ಮತ ಎಣಿಕೆ ಸೆಪ್ಟೆಂಬರ್ 3ರಂದು. ಆದರೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ ನಮ್ಮಲ್ಲಿ ಅಧ್ಯಕ್ಷರ ಆಯ್ಕೆಯಾದದ್ದು ಇಪ್ಪತ್ತಾರು ತಿಂಗಳ ನಂತರ. ಮೊದಲ ಅವಧಿ 2023ರಲ್ಲಿ ಮುಗಿಯಿತು. ಎರಡನೇ ಅವಧಿಯ ಮೀಸಲಾತಿ ಪಟ್ಟಿಯನ್ನು ಸರ್ಕಾರ ಹೊರಡಿಸಿದ್ದು 2024ರ ಆಗಸ್ಟ್‌ನಲ್ಲಿ. ಅಲ್ಲಿಯವರೆಗೆ ಮತ್ತೆ ಆಡಳಿತಾಧಿಕಾರಿ. ಮತ ಎಣಿಕೆಯಾದ ದಿನದಿಂದ ಆರು ವರ್ಷಗಳನ್ನು, ಅಂದರೆ ಎಪ್ಪತ್ತೆರಡು ತಿಂಗಳನ್ನು, ಲೆಕ್ಕ ಹಾಕಿದರೆ ಅಧ್ಯಕ್ಷರ ಪೀಠ ತುಂಬಿದ್ದುದು ಮೂವತ್ತು ತಿಂಗಳು ಮಾತ್ರ. ನಾವು ಆರಿಸಿ ಕಳಿಸಿದ ಸದಸ್ಯರು ಮೊದಲ ಎರಡು ವರ್ಷ ಪ್ರಮಾಣವಚನವನ್ನೂ ಸ್ವೀಕರಿಸದೆ ಬೀದಿಯಲ್ಲಿ ನಮ್ಮೊಂದಿಗೇ ನಿಂತಿದ್ದರು.

ಮಹಾನಗರಗಳ ಸ್ಥಿತಿ ಇದಕ್ಕಿಂತ ಉತ್ತಮವೆಂದು ಭಾವಿಸಬೇಕಿಲ್ಲ. 1976ರ ಪೌರನಿಗಮಗಳ ಕಾಯ್ದೆಯಡಿ ಮೈಸೂರಿನಂತಹ ನಗರದ ಮೇಯರ್‌ಗೆ ದಕ್ಕುತ್ತ ಬಂದದ್ದು ಒಂದು ವರ್ಷದ ಅವಧಿ. 2018ರ ನವೆಂಬರ್‌ನಿಂದ 2023ರ ನವೆಂಬರ್‌ವರೆಗಿನ ಐದು ವರ್ಷಗಳಲ್ಲಿ ಅಲ್ಲಿ ಐವರು ಮೇಯರ್ ಆದರು. ಬೆಂಗಳೂರಿನ ಪಾಲಿಕೆಯ ಚುನಾಯಿತ ಕೌನ್ಸಿಲ್ 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿಸಿದ ಬಳಿಕ ಆ ಪಾಲಿಕೆಗೆ ಮತ್ತೆ ಚುನಾವಣೆಯೇ ನಡೆಯಲಿಲ್ಲ; 2025ರಲ್ಲಿ ಪಾಲಿಕೆಯನ್ನೇ ಐದಾಗಿ ವಿಂಗಡಿಸಲಾಯಿತು. ಸಮುದಾಯ ಕಟ್ಟುವ ಕೆಲಸಕ್ಕೆ ಮೊದಲು ಬೇಕಾದದ್ದು ಕಾಲ. ಅದನ್ನೇ ನಾವು ಯಾರಿಗೂ ಕೊಡುತ್ತಿಲ್ಲ.

ಆದರೆ ಅವಧಿ ಚಿಕ್ಕದೆಂಬುದಷ್ಟೇ ತೊಂದರೆಯಲ್ಲ ಎಂಬುದು ನನಗೆ ತಿಳಿದದ್ದು 2024ರ ಸೆಪ್ಟೆಂಬರ್‌ನಲ್ಲಿ. ಹೊಸ ಅಧ್ಯಕ್ಷರು ಬಂದ ವಾರದಲ್ಲೇ ಡೈರಿಯ ಹಾಳೆಯನ್ನು ಹಿಡಿದು ಅವರ ಕೊಠಡಿಗೆ ಹೋದೆ. ವಾಚನಾಲಯದ ಗತಿಯೇನು, ವಾರ್ಡ್ ಸಭೆ ಮುಂದುವರಿಯುವುದೇ ಎಂದು ಕೇಳಿದೆ. ಅವರು ಸೌಜನ್ಯದಿಂದಲೇ ಕಡತ ತರಿಸಿದರು. ಉದ್ಯಾನದ ಬೇಲಿಯ ಅಂದಾಜುಪಟ್ಟಿ ಇತ್ತು. ವಿಶ್ರಾಂತಿ ಕೊಠಡಿಗೆ ಅಳತೆ ಪುಸ್ತಕವಿತ್ತು, ಗುತ್ತಿಗೆದಾರರ ಬಿಲ್ಲು ಇತ್ತು. ಉಳಿದ ಮೂರು ಭರವಸೆಗಳ ಬಗ್ಗೆ ನಡಾವಳಿಯಲ್ಲಿ ಒಂದು ಸಾಲೂ ಇರಲಿಲ್ಲ. ಅವು ಅಭಿನಂದನಾ ಸಭೆಯಲ್ಲಿ ಆಡಿದ ಮಾತುಗಳು. ಆಡಿದವರೊಂದಿಗೇ ಮನೆಗೆ ಹೋಗಿದ್ದವು. ಗೋಡೆಗೆ, ಬೇಲಿಗೆ ಇರುವ ದಾಖಲೆ ಮಾತಿಗಿಲ್ಲ.

ಆ ದಿನ ನನಗೆ ನೆನಪಾದದ್ದು ನನ್ನೂರು ಕೊಣನೂರು. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಂಡೆಯ ಮೇಲಿರುವ ಹೋಬಳಿ ಕೇಂದ್ರ. ಸುತ್ತಲಿನ ಹೊಗೆಸೊಪ್ಪು ಬೆಳೆಗಾರರ ಮಾತು ಯಾವಾಗಲೂ ರಾಮನಾಥಪುರದ ಹರಾಜು ಮಾರುಕಟ್ಟೆಯ ಧಾರಣೆಯ ಸುತ್ತಲೇ ತಿರುಗುವ ಊರು. ಕೆಲಸದ ನಿಮಿತ್ತ ನಗರ ಸೇರುವ ಮುನ್ನ ಅಲ್ಲಿನ ಗ್ರಾಮಸಭೆಗಳಲ್ಲಿ ನಾನು ಹಲವು ಬಾರಿ ಕುಳಿತಿದ್ದೇನೆ. ಅವು ಆದರ್ಶ ಸಭೆಗಳೆಂದು ಹೇಳಲಾರೆ. ಕೂಗಾಟವಿರುತ್ತಿತ್ತು, ಮನೆ ಹಂಚಿಕೆಯ ಜಗಳವಿರುತ್ತಿತ್ತು, ಕೋರಂ ಇಲ್ಲದೆ ಮುಂದೆ ಹೋದದ್ದೂ ಉಂಟು. ಆದರೆ ಸಭೆ ಆರಂಭವಾಗುತ್ತಿದ್ದುದು ಹಿಂದಿನ ಸಭೆಯ ನಡಾವಳಿ ಓದುವುದರಿಂದ. ಒಮ್ಮೆ ಓದುವವರು ಎರಡು ಪುಟ ಹಾರಿಸಿದಾಗ, ಹಿಂದೆ ಕುಳಿತ ಒಬ್ಬ ಅಜ್ಜಿ ಎದ್ದು, ‘ನೀರಿನ ತೊಟ್ಟಿ ವಿಚಾರ ಹೋದ್ಸಲ ಬರ್ಕೊಂಡಿದ್ರಲ್ಲಪ್ಪ, ಅದನ್ನ ಓದಿ’ ಎಂದರು. ಆ ವೇಳೆಗೆ ಅಧ್ಯಕ್ಷರು ಬದಲಾಗಿದ್ದರು, ಕಾರ್ಯದರ್ಶಿಯೂ ಬದಲಾಗಿದ್ದರು. ಅಜ್ಜಿ ಬದಲಾಗಿರಲಿಲ್ಲ.

ಇದು ಆಕಸ್ಮಿಕವಲ್ಲ. 1987ರಲ್ಲಿ ಅಬ್ದುಲ್ ನಜೀರ್ ಸಾಬ್ ಅವರ ಕಾಲದಲ್ಲಿ ಮಂಡಲ ಪಂಚಾಯಿತಿಗಳು ಬಂದಾಗಿನಿಂದ, 1993ರ ಪಂಚಾಯತ್ ರಾಜ್ ಕಾಯ್ದೆ ಮತ್ತು ಅದರ ತಿದ್ದುಪಡಿಗಳವರೆಗೆ, ಕರ್ನಾಟಕದ ಹಳ್ಳಿಗರಿಗೆ ಸಭೆ ಸೇರುವ ಹಕ್ಕು ಕಾನೂನಿನಿಂದಲೇ ದಕ್ಕಿದೆ. ಆರು ತಿಂಗಳಿಗೊಮ್ಮೆಯಾದರೂ ವಾರ್ಡ್‌ಸಭೆ, ಗ್ರಾಮಸಭೆ ನಡೆಯಬೇಕು. ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ ಲೆಕ್ಕವನ್ನು ಊರಿನ ಮುಂದಿಡಬೇಕು. ಅದೇ ಮನುಷ್ಯ ಹಳ್ಳಿ ಬಿಟ್ಟು ನಗರಕ್ಕೆ ಬಂದರೆ ಏನಾಗುತ್ತದೆ? ನಗರಗಳಿಗೆ ಸಂಬಂಧಿಸಿದ 74ನೇ ತಿದ್ದುಪಡಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿರುವುದು ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಕಡೆಗೆ ಮಾತ್ರ. ಬೆಂಗಳೂರಿನಲ್ಲಿ ಅದು ಜಾರಿಗೆ ಬರಲು ಹೈಕೋರ್ಟ್ ಚಾಟಿ ಬೀಸಬೇಕಾಯಿತು. ನಡುವಿನ ಸಣ್ಣ ನಗರದ ನಿವಾಸಿಗೆ ಹಳ್ಳಿಯ ಸಭೆಯೂ ಇಲ್ಲ, ಮಹಾನಗರದ ಸಮಿತಿಯೂ ಇಲ್ಲ. ತೆರಿಗೆ ಹೆಚ್ಚುತ್ತದೆ, ಬಾಯಿ ಕಟ್ಟುತ್ತದೆ.

ಬೇರೆ ದಾರಿ ಇಲ್ಲವೆಂದೇನಿಲ್ಲ. ನೆರೆಯ ಕೇರಳ 1994ರಲ್ಲಿ ತನ್ನ ಪುರಸಭಾ ಕಾಯ್ದೆ ರೂಪಿಸಿದಾಗ ಒಂದು ಲಕ್ಷ ಮೀರದ ಜನಸಂಖ್ಯೆಯ ಪಟ್ಟಣಗಳಿಗೆ ವಾರ್ಡ್ ಸಭೆಯನ್ನು, ಅಂದರೆ ಆ ವಾರ್ಡಿನ ಎಲ್ಲ ಮತದಾರರ ಸಭೆಯನ್ನು, ಗೊತ್ತುಪಡಿಸಿತು. ಕಾಸರಗೋಡು ಪಟ್ಟಣದ ಕನ್ನಡಿಗನಿಗೆ ಕಾನೂನು ಕೊಟ್ಟ ಈ ಜಾಗ ಹೊಳೆನರಸೀಪುರದ ಕನ್ನಡಿಗನಿಗಿಲ್ಲ. ದೂರದ ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರದಲ್ಲಿ 1989ರಿಂದ ಬಡಾವಣೆಯ ಜನ ಸಭೆ ಸೇರಿ ಬಜೆಟ್ಟಿನ ಆದ್ಯತೆ ಗುರುತಿಸುವ ಪದ್ಧತಿ ಬೆಳೆಯಿತು. ಮೇಯರ್‌ಗಳು ಬದಲಾದ ಮೇಲೂ ಅದು ವರ್ಷಗಟ್ಟಲೆ ನಡೆಯಿತು. ಏಕೆಂದರೆ ಸಭೆಗಳು ಯಾರೊಬ್ಬರ ಉತ್ಸಾಹಕ್ಕೆ ಕಾಯದೆ ಪ್ರತಿ ವರ್ಷದ ಬಜೆಟ್ಟಿನ ಕ್ರಮಕ್ಕೇ ಸೇರಿಕೊಂಡಿದ್ದವು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಲೆಕ್ಕವನ್ನೂ ಒಪ್ಪಿಸಬೇಕು. ನಮ್ಮ ವಾರ್ಡಿನಲ್ಲಿ ನಡೆದ ನಾಲ್ಕು ಸಭೆಗಳಲ್ಲಿ ನಾನು ಹೋದದ್ದು ಒಂದಕ್ಕೆ. ಉಳಿದ ಮೂರು ಸಂಜೆ ನನಗೆ ಏನೋ ಕೆಲಸವಿತ್ತು. ಏನೆಂದು ಈಗ ನೆನಪಿಲ್ಲ. ನಾನು ಹೋದ ದಿನ ಹದಿನಾರು ಜನರಿದ್ದರು. ಅಧ್ಯಕ್ಷರು ಪೂರ್ತಿ ಒಂದೂವರೆ ಗಂಟೆ ಕುಳಿತು ಕೇಳಿದರು. ವಿದ್ಯಾವಂತರು ವಾಸಿಸುವ ಬೀದಿ ನಮ್ಮದು. ಖಾತೆ ಬದಲಾವಣೆಗೆ, ಕಂದಾಯದ ರಸೀದಿಗೆ ನಗರಸಭೆಯ ಮೆಟ್ಟಿಲು ಹತ್ತುವ ನಾವು, ನೆರೆಯವರೊಂದಿಗೆ ಬೆಂಚಿನ ಮೇಲೆ ಕೂರಲು ಹೋಗಲಿಲ್ಲ. ಹದಿನಾರು ಜನರ ಸಭೆಗೆ ನಡಾವಳಿ ಬರೆಯಿರೆಂದು ಒತ್ತಾಯಿಸುವವರು ಯಾರು? ಭರವಸೆ ಕಡತ ಸೇರದಿರುವುದರಲ್ಲಿ ನನ್ನ ಪಾಲೂ ಇದೆ.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಅಧ್ಯಕ್ಷರಾಗಲಿ ಮೇಯರ್ ಆಗಲಿ, ಅಧಿಕಾರ ವಹಿಸಿಕೊಂಡ ದಿನ ಆಡಿದ ಮಾತುಗಳನ್ನು ಮೊದಲ ಸಾಮಾನ್ಯ ಸಭೆಯಲ್ಲೇ ಓದಿ ನಡಾವಳಿಗೆ ಸೇರಿಸಲಿ. ಅವಧಿ ಮುಗಿದ ದಿನ, ಯಾವುದು ಆಯಿತು, ಯಾವುದು ಉಳಿಯಿತು ಎಂಬ ಪಟ್ಟಿಯನ್ನು ಮುಂದಿನವರ ಕೈಗೆ, ಅವರಿಲ್ಲದಿದ್ದರೆ ಆಡಳಿತಾಧಿಕಾರಿಯ ಕೈಗೆ ಒಪ್ಪಿಸಲಿ. ಇದಕ್ಕೆ ಹಣ ಬೇಡ, ಹೊಸ ಕಾಯ್ದೆಯೂ ಬೇಡ. ಕಾಯ್ದೆ ಬೇಕಿರುವುದು ಎರಡಕ್ಕೆ: ಚುನಾವಣೆಗೆ ಮುನ್ನವೇ ಎರಡೂ ಅವಧಿಗಳ ಮೀಸಲಾತಿಯನ್ನು ನಿಗದಿ ಮಾಡುವುದಕ್ಕೆ ಮತ್ತು ಸಣ್ಣ ನಗರಗಳಿಗೂ ವಾರ್ಡ್‌ಸಭೆ ಕೊಡುವುದಕ್ಕೆ. ಕೊಣನೂರಿನಲ್ಲಿ ನನಗಿದ್ದ ಹಕ್ಕನ್ನಷ್ಟೇ ನಾನಿಲ್ಲಿ ಕೇಳುತ್ತಿರುವುದು.

ಮೊನ್ನೆ ಉದ್ಯಾನದ ಬಾಗಿಲಲ್ಲಿ ಹೂ ಮಾರುವ ಹೆಣ್ಣುಮಗಳೊಬ್ಬರು ನನ್ನನ್ನು ತಡೆದರು. ನಾನು ಹೋದ ಆ ಒಂದು ಸಭೆಗೆ ಅವರೂ ಬಂದಿದ್ದರು. ಸಂಜೆ ಆರರ ಬದಲು ಏಳಕ್ಕೆ ಬಾಗಿಲು ಮುಚ್ಚಿಸಿ ಎಂದು ಕೇಳಿದ್ದವರು ಅವರೇ. ಅದು ನಡೆದಿತ್ತು. ಈಗ ಮತ್ತೆ ಆರಕ್ಕೇ ಬೀಗ ಬೀಳುತ್ತಿದೆಯಂತೆ. ‘ಮೇಷ್ಟ್ರೇ, ಆಗ ಒಪ್ಕೊಂಡಿದ್ದೋರು ಈಗಿಲ್ಲ. ಇನ್ಯಾರನ್ನ ಕೇಳೋದು?’ ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಡೈರಿಯ ಹಾಳೆಯಲ್ಲಿ ಅವರ ಬೇಡಿಕೆಯನ್ನು ಆರನೆಯದಾಗಿ ಬರೆದುಕೊಂಡೆ. ಬರೆಯಬೇಕಾದ ಜಾಗ ನನ್ನ ಡೈರಿಯಲ್ಲ ಎಂಬುದು ನನಗೂ ಗೊತ್ತು, ಅವರಿಗೂ ಗೊತ್ತು.