ಪುಟ್ಟ ಮಕ್ಕಳ ಪ್ರೋಗ್ರಾಮಿಂಗ್ ಕಲಿಕೆ: ಅಳೆಯುವುದು ಹೇಗೆ?



ಎರಡನೇ ತರಗತಿಯ ಮಗುವೊಂದು ಕಂಪ್ಯೂಟರಿನ ತೆರೆಯ ಮೇಲೆ ಅಚ್ಚುಕಟ್ಟಾದ ಚೌಕವೊಂದನ್ನು ಮೂಡಿಸಿತೆನ್ನಿ. ಅದಕ್ಕೆ ಪ್ರೋಗ್ರಾಮಿಂಗ್ ಬಂದಿತೆಂದು ಹೇಳಬಹುದೇ? ಪಕ್ಕದವರದನ್ನು ನೋಡಿ ಆಜ್ಞೆಗಳನ್ನು ಇಳಿಸಿಕೊಂಡಿರಲೂಬಹುದು. ಇನ್ನೊಂದು ಮಗುವಿನ ಚೌಕ ಸೊಟ್ಟಗಾಗಿದ್ದರೂ ತಪ್ಪು ಎಲ್ಲಿದೆ ಎಂಬುದು ಅದಕ್ಕೆ ತಿಳಿದಿರಬಹುದು. ಚಿತ್ರಕ್ಕಷ್ಟೇ ಅಂಕ ಕೊಟ್ಟರೆ ಮೊದಲನೆಯ ಮಗು ಜಾಣ, ಎರಡನೆಯದು ದಡ್ಡ ಎಂದಾಗುತ್ತದೆ. ಆರೇಳು ವರ್ಷಕ್ಕೆ ಅಂಟಿದ 'ದಡ್ಡ' ಎಂಬ ಹೆಸರು ಸುಲಭವಾಗಿ ಬಿಡುವುದಿಲ್ಲ. ಆದ್ದರಿಂದ ಈ ಅಳತೆಯ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಯೋಣ.

ಹಿನ್ನೆಲೆ

ಮಕ್ಕಳಿಗಾಗಿಯೇ ಪ್ರೋಗ್ರಾಮಿಂಗ್ ಭಾಷೆ ಹುಟ್ಟಿದ್ದು 1967ರಲ್ಲಿ. ಅಮೆರಿಕದಲ್ಲಿ ಸೇಮೂರ್ ಪೇಪರ್ಟ್, ವಾಲಿ ಫ್ಯೂರ್ಜಿಗ್, ಸಿಂಥಿಯಾ ಸಾಲೊಮನ್ ಮೊದಲಾದವರು ರೂಪಿಸಿದ ಆ ಭಾಷೆಯ ಹೆಸರು 'ಲೋಗೋ'. ಅದರ 'ಆಮೆ'ಗೆ ಮುಂದೆ ಹೋಗು, ಬಲಕ್ಕೆ ತಿರುಗು ಎಂದು ಆಜ್ಞೆ ಕೊಟ್ಟು ಮಕ್ಕಳು ಚಿತ್ರ ಬರೆಯಿಸುತ್ತಿದ್ದರು. ಭಾರತದಲ್ಲಿ 1984ರಲ್ಲಿ 'ಕ್ಲಾಸ್' ಎಂಬ ಯೋಜನೆಯ ಮೂಲಕ ಕೆಲವು ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರುಗಳು ಬಂದವು. ಮುಂದೆ ಆಜ್ಞೆಗಳ ತುಂಡುಗಳನ್ನು ಜೋಡಿಸಿ ಆಡುವ 'ಸ್ಕ್ರ್ಯಾಚ್' 2007ರಲ್ಲೂ, ಐದರಿಂದ ಏಳು ವರ್ಷದವರಿಗೆಂದೇ ಮಾಡಿದ 'ಸ್ಕ್ರ್ಯಾಚ್ ಜೂನಿಯರ್' 2014ರಲ್ಲೂ ಬಂದವು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರನೇ ತರಗತಿಯಿಂದ ಆರಂಭವಾಗುವ ಹಂತದಲ್ಲಿ ಕೋಡಿಂಗ್ ಚಟುವಟಿಕೆಗಳನ್ನು ಸೂಚಿಸಿತು. ಕಲಿಸುವುದು ಬಂದ ಮೇಲೆ ಪರೀಕ್ಷಿಸುವುದೂ ಬರಲೇಬೇಕಲ್ಲವೇ?

ಕಂಪ್ಯೂಟರ್ ಇಲ್ಲದೆಯೂ ಪರೀಕ್ಷೆ

ಪ್ರೋಗ್ರಾಮ್ ಎಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಸಾಲು. ಆರಂಭದಲ್ಲಿ ಮಗು ಗ್ರಹಿಸಬೇಕಾದ ಸಂಗತಿಗಳು ಮುಖ್ಯವಾಗಿ ಮೂರು: ಅನುಕ್ರಮ, ಪುನರಾವರ್ತನೆ ಮತ್ತು ಷರತ್ತು. ಇವನ್ನು ಅಂಗಳದಲ್ಲಿ ಸೀಮೆಸುಣ್ಣದಿಂದ ಮನೆಗಳನ್ನು ಬರೆದೇ ಪರೀಕ್ಷಿಸಬಹುದು.

ಮಗುವೇ ಆಮೆಯಾಗಲಿ. 'ಮೂರು ಮನೆ ಮುಂದೆ ನಡೆ, ಬಲಕ್ಕೆ ತಿರುಗು' ಎಂಬ ಆಜ್ಞೆಯನ್ನು ನಾಲ್ಕು ಬಾರಿ ಪಾಲಿಸಿದರೆ ಅದು ಹೊರಟ ಮನೆಗೇ ಮರಳುತ್ತದೆ. ಈಗ, ನಡೆಯುವ ಮೊದಲೇ ಕೇಳಿ: 'ಮೂರೇ ಬಾರಿ ಮಾಡಿದರೆ ಎಲ್ಲಿ ನಿಲ್ಲುತ್ತೀ?' ಹೊರಟ ಮನೆಯಿಂದ ಬಲಕ್ಕೆ ಮೂರನೆಯ ಮನೆಯಲ್ಲಿ, ಹೊರಟ ಮನೆಯ ಕಡೆಗೇ ಮುಖ ಮಾಡಿ ನಿಲ್ಲಬೇಕು. ಇದನ್ನು ಮುಂಚಿತವಾಗಿ ಬೆರಳಿಟ್ಟು ತೋರಿಸಿದ ಮಗು ಆಜ್ಞೆಗಳನ್ನು ಮನಸ್ಸಿನಲ್ಲಿ ನಡೆಸಿ ನೋಡಿದೆ ಎಂದರ್ಥ. ಪ್ರೋಗ್ರಾಮಿಂಗಿನ ತಿರುಳೇ ಅದು.

ಷರತ್ತಿಗೆ ಧಾರವಾಡ ಜಿಲ್ಲೆಯ ಅಳ್ನಾವರ ಜಂಕ್ಷನ್ ಒಳ್ಳೆಯ ಉದಾಹರಣೆ. ಧಾರವಾಡದ ಕಡೆಯಿಂದ ಬರುವ ರೈಲುಹಳಿ ಅಲ್ಲಿ ಕವಲೊಡೆದು, ಒಂದು ಲೋಂಡಾದ ಕಡೆಗೂ ಇನ್ನೊಂದು ದಾಂಡೇಲಿಯ ಕಡೆಗೂ ಹೋಗುತ್ತದೆ. ನೆಲದ ಮೇಲೆ ಅಂಥ ಕವಲನ್ನು ಬರೆದು ಆಜ್ಞೆ ಕೊಡಿ: 'ಬಿಲ್ಲೆ ಕೆಂಪಾಗಿದ್ದರೆ ದಾಂಡೇಲಿಗೆ ಹೋಗು, ಇಲ್ಲದಿದ್ದರೆ ಲೋಂಡಾಕ್ಕೆ ಹೋಗು.' ಕೆಂಪು, ಹಸಿರು ಬಿಲ್ಲೆಗಳನ್ನು ತೋರಿಸಿ ಕೆಲವು ಸಲ ಆಡಿಸಿದ ಮೇಲೆ ಒಮ್ಮೆಲೇ ಹಳದಿ ಬಿಲ್ಲೆ ತೋರಿಸಿ. 'ಹಳದೀಗೆ ಏನೂ ಹೇಳಿಲ್ಲಲ್ಲ ಅಕ್ಕಾ?' ಎಂದು ನಿಂತುಬಿಟ್ಟ ಮಗು, ಹಸಿರೆಂದರೆ ಲೋಂಡಾ ಎಂದು ಬಾಯಿಪಾಠ ಮಾಡಿಕೊಂಡಿತ್ತು. ತಡೆಯದೆ ಲೋಂಡಾದ ಕಡೆ ನಡೆದ ಮಗುವಿಗೆ 'ಇಲ್ಲದಿದ್ದರೆ' ಎಂಬ ಮಾತಿನ ಅರ್ಥ ಹಿಡಿದಿದೆ. ಕೆಂಪು, ಹಸಿರು ಬಿಲ್ಲೆಗಳಲ್ಲೇ ಪರೀಕ್ಷೆ ಮುಗಿಸಿದ್ದರೆ ಇಬ್ಬರಿಗೂ ಪೂರ್ಣ ಅಂಕ ಸಿಗುತ್ತಿತ್ತು!

ಇಂಥ ವಿಧಾನ ಹಳ್ಳಿಗಾಡಿನ ಅನಿವಾರ್ಯತೆಯಷ್ಟೇ ಎಂದು ತಿಳಿಯಬೇಡಿ. ಅಮೆರಿಕದ ಸಂಶೋಧಕರು 2020ರಲ್ಲಿ ಪ್ರಕಟಿಸಿದ 'ಟೆಕ್‌ಚೆಕ್' ಎಂಬ 15 ಪ್ರಶ್ನೆಗಳ ಪರೀಕ್ಷೆ ಪುಟ್ಟ ಮಕ್ಕಳಿಗಾಗಿಯೇ ಇರುವಂಥದು. ಅದನ್ನು ಬರೆಯಲು ಯಾವುದೇ ಪ್ರೋಗ್ರಾಮಿಂಗ್ ಭಾಷೆ ತಿಳಿದಿರಬೇಕಾಗಿಲ್ಲ. 2004ರಲ್ಲಿ ಲಿಥುವೇನಿಯಾದಲ್ಲಿ ಆರಂಭವಾದ 'ಬೆಬ್ರಾಸ್' ಸ್ಪರ್ಧೆಯ ಒಗಟುಗಳೂ ಹೀಗೆಯೇ.

ಏನನ್ನು ಗುರುತು ಹಾಕಬೇಕು?

ನಾಲ್ಕು ಸಂಗತಿಗಳನ್ನು ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳಿ:

1. ಕೊಟ್ಟ ಆಜ್ಞೆಗಳನ್ನು ಸರಿಯಾದ ಕ್ರಮದಲ್ಲಿ ಪಾಲಿಸಿತೇ?
2. ಮುಂದೇನಾಗುವುದೆಂದು ಮೊದಲೇ ಹೇಳಿತೇ?
3. ತಪ್ಪಿರುವ ಸಾಲಿನಲ್ಲಿ ತಪ್ಪನ್ನು ಹುಡುಕಿ ತಿದ್ದಿತೇ?
4. ಚೌಕವನ್ನು ಆಯತವಾಗಿಸು ಎಂದರೆ ಆಜ್ಞೆಗಳನ್ನು ಬದಲಿಸಿತೇ?

ಎಲ್ಲವನ್ನೂ ಕೂಡಿಸಿ 'ನೂರಕ್ಕೆ ಅರವತ್ತು' ಎಂದು ಬರೆದರೆ ಯಾರಿಗೂ ಪ್ರಯೋಜನವಿಲ್ಲ. 'ಪಾಲಿಸುತ್ತದೆ, ತಿದ್ದಲು ಒಂದು ಸುಳಿವು ಬೇಕು' ಎಂದು ಬರೆದರೆ ನಾಳೆ ಏನು ಕಲಿಸಬೇಕೆಂಬುದು ಶಿಕ್ಷಕರಿಗೆ ತಿಳಿಯುತ್ತದೆ.

ಒಂದು ಎಚ್ಚರಿಕೆ

ಅಳೆಯಲು ಹೊರಟದ್ದು ಒಂದು, ಅಳೆದದ್ದು ಇನ್ನೊಂದು ಆಗಬಾರದು. ಈ ವಯಸ್ಸಿನ ಎಷ್ಟೋ ಮಕ್ಕಳಿಗೆ ಎಡಬಲ ಇನ್ನೂ ಗೊಂದಲ. ಬಲಗೈಗೆ ಕೆಂಪು ದಾರ ಕಟ್ಟಿದರೆ ಆ ತೊಡಕು ನಿವಾರಣೆಯಾಗುತ್ತದೆ. ಓದಲು ತಡವರಿಸುವ ಮಗುವಿಗೆ ಬರಹದ ಬದಲು ಬಾಣದ ಗುರುತಿನ ಚೀಟಿಗಳನ್ನು ಕೊಡಿ. ಮೌಸ್ ಹಿಡಿದೇ ಗೊತ್ತಿಲ್ಲದ ಮಗುವನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಪರೀಕ್ಷಿಸಿದರೆ ಅಳೆದಂತಾಗುವುದು ಅದರ ಬುದ್ಧಿಯನ್ನಲ್ಲ, ಮನೆಯಲ್ಲಿ ಕಂಪ್ಯೂಟರ್ ಇದೆಯೇ ಎಂಬುದನ್ನು. ಮನೆಯಲ್ಲಾಡುವ ಭಾಷೆಯಲ್ಲಿಯೇ ಪ್ರಶ್ನೆ ಕೇಳುವುದೂ ಅಷ್ಟೇ ಮುಖ್ಯ.

ನಿಮ್ಮ ಮನೆಯಲ್ಲೋ ಓಣಿಯಲ್ಲೋ ಒಂದನೆಯ, ಎರಡನೆಯ ತರಗತಿಯ ಮಕ್ಕಳಿದ್ದರೆ ಈ ಆಟವನ್ನು ಆಡಿಸಿ ನೋಡಿ. ಉತ್ತರ ತಪ್ಪಾದಾಗ 'ತಪ್ಪು' ಎನ್ನುವ ಮೊದಲು 'ಹೇಗೆ ಯೋಚಿಸಿದೆ, ಹೇಳು' ಎಂದು ಕೇಳಿ. ಮಗು ಕೊಡುವ ವಿವರಣೆಯಲ್ಲಿಯೇ ಅದಕ್ಕೆ ಏನು ತಿಳಿದಿದೆ, ಎಲ್ಲಿ ತೊಡಕಾಗಿದೆ ಎಂಬುದು ನಿಮಗೆ ಗೊತ್ತಾಗುತ್ತದೆ.